ಒಳ್ಳೆ ಟ್ಯೂಷನ್ ಎಲ್ಲಿದೆ ಎಂದು ಕೇಳುವ ಮೊದಲು

ಜೂನ್ ಬಂತೆಂದರೆ ಫೋನ್‌ಗಳು ಶುರು. "ಮೇಡಂ, ನಮ್ಮ ಏರಿಯಾದಲ್ಲಿ ಒಳ್ಳೆ ಟ್ಯೂಷನ್ ಎಲ್ಲಿದೆ ಹೇಳ್ತೀರಾ? ಮಗ ಐದನೇ ಕ್ಲಾಸು. ಇನ್ನೂ ಓದೋಕೇ ಬರಲ್ಲ." ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾರೆ. ಎರಡನೆಯ ತೊಂದರೆಗೆ ಮೊದಲನೆಯದೇ ಪರಿಹಾರ ಎಂದು ಅವರ ನಂಬಿಕೆ.

ನಾನು ಮೈಸೂರಿನಲ್ಲಿ ಇಪ್ಪತ್ತು ವರ್ಷಗಳಿಂದ ವಿಶೇಷ ಶಿಕ್ಷಕಿ. ಓದು ಬರಹ ಕೈಗೆ ಹತ್ತದ ಮಕ್ಕಳ ಜೊತೆ ಕೂರುವುದೇ ನನ್ನ ಕೆಲಸ. ಈ ಮಾತನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಇವತ್ತು ಬರೆದೇ ಬಿಡುತ್ತೇನೆ. ಓದಲು ಬಾರದ ಮಗುವಿಗೆ ಟ್ಯೂಷನ್ ಔಷಧಿಯಲ್ಲ. ಕೆಲವೊಮ್ಮೆ ಅದು ಕಾಯಿಲೆಯನ್ನೇ ಮುಚ್ಚಿಡುತ್ತದೆ.

ಹೇಗೆ ಅಂತೀರಾ? ಒಬ್ಬ ಹುಡುಗನ ಕಥೆ ಹೇಳುತ್ತೇನೆ. ಅಪ್ಪ ಆಟೋ ಓಡಿಸುತ್ತಾರೆ, ಅಮ್ಮ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾರೆ. ಎರಡನೇ ತರಗತಿಯಿಂದ ಟ್ಯೂಷನ್, ಮೂರು ಟ್ಯೂಷನ್ ಮನೆ ಬದಲಾಗಿತ್ತು. "ಕನ್ನಡ ಚೆನ್ನಾಗಿ ಓದ್ತಾನೆ ಮೇಡಂ, ಇಂಗ್ಲಿಷ್ ಮಾತ್ರ ಕಷ್ಟ" ಎಂದರು ಅಮ್ಮ. ಹುಡುಗ ಪುಸ್ತಕ ತೆಗೆದು ಪಾಠ ಓದಿದ. ಸರಾಗವಾಗಿತ್ತು. ಸಾಲಿನ ಕೆಳಗೆ ಬೆರಳು ಬೇರೆ ಇಟ್ಟುಕೊಂಡಿದ್ದ. ಆದರೆ ಬೆರಳು ಒಂದು ಕಡೆ, ಬಾಯಿ ಇನ್ನೊಂದು ಕಡೆ ಇತ್ತು. ನಾನು ಪುಟದ ನಡುವಿನ ಒಂದು ಪದ ತೋರಿಸಿ "ಇದೇನು ಪುಟ್ಟ?" ಎಂದೆ. ಅವನು ಕಣ್ಣು ಮುಚ್ಚಿದ. ತುಟಿ ಅಲ್ಲಾಡತೊಡಗಿತು. ಪಾಠವನ್ನು ಮೊದಲಿನಿಂದ ಮನಸ್ಸಿನಲ್ಲೇ ಹೇಳಿಕೊಂಡು ಬಂದು, ಆ ಪದ ಸಿಕ್ಕಿದಾಗ ಕಣ್ಣು ತೆರೆದು ಜೋರಾಗಿ ಹೇಳಿದ. ಉತ್ತರ ಸರಿಯಾಗಿಯೇ ಇತ್ತು. ಅಮ್ಮನಿಗೆ ಆ ಕ್ಷಣವೇ ಅರ್ಥವಾಯಿತು. ಸೆರಗನ್ನು ಬಾಯಿಗೆ ಹಿಡಿದು ಕುಳಿತುಬಿಟ್ಟರು.

ಆ ಹುಡುಗ ಯಾರಿಗೂ ಮೋಸ ಮಾಡಿರಲಿಲ್ಲ. ಓದುವುದು ಅಂದರೆ ಅದೇ ಎಂದುಕೊಂಡಿದ್ದ. ಟ್ಯೂಷನ್ ಮಿಸ್ ಓದಿ ಹೇಳಿಕೊಡುತ್ತಿದ್ದರು, ಇವನು ಬಾಯಿಪಾಠ ಮಾಡುತ್ತಿದ್ದ. ಟೆಸ್ಟ್‌ನಲ್ಲಿ ಇಪ್ಪತ್ತಕ್ಕೆ ಹನ್ನೆರಡು ಬರುತ್ತಿತ್ತು. ಎಲ್ಲರೂ ನೆಮ್ಮದಿಯಾಗಿದ್ದರು. ಹೀಗೇ ಮೂರು ವರ್ಷ ಹೋಯಿತು. ಆ ಮೂರು ವರ್ಷ ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಟ್ಯೂಷನ್ ಕೆಟ್ಟದ್ದು ಎನ್ನುತ್ತಿಲ್ಲ. ಓದಲು ಬರುವ ಮಗುವಿಗೆ ಭಿನ್ನರಾಶಿ ಅರ್ಥವಾಗಿಲ್ಲ, ಜ್ವರ ಬಂದು ಹದಿನೈದು ದಿನ ಪಾಠ ತಪ್ಪಿದೆ, ಮನೆಯಲ್ಲಿ ಹೇಳಿಕೊಡುವವರು ಇಲ್ಲ. ಅಂಥವರಿಗೆ ಟ್ಯೂಷನ್ ಬೇಕು. ಅದು ಶಾಲೆಯ ಪಾಠವನ್ನೇ ಮತ್ತೊಮ್ಮೆ, ಇನ್ನೊಂದಿಷ್ಟು ನಿಧಾನವಾಗಿ ಮಾಡುತ್ತದೆ. ಆದರೆ ಮಗುವಿಗೆ ಓದು ಬರುತ್ತದೆ ಎಂದು ಮೊದಲೇ ಎಣಿಸಿಕೊಂಡು ಹೊರಡುತ್ತದೆ. ಬಾವಿಯಲ್ಲಿ ನೀರಿದೆ, ಹಗ್ಗ ಗಿಡ್ಡ. ಆಗ ಕೊಡ ಬದಲಾಯಿಸಿದರೆ ನೀರು ಬರುತ್ತಾ? ನಮ್ಮ ಜನ ಕೊಡದ ಮೇಲೆ ಕೊಡ ಬದಲಾಯಿಸುತ್ತಾರೆ. ಹಗ್ಗದ ಕಡೆ ಯಾರೂ ನೋಡುವುದಿಲ್ಲ.

ಹಗ್ಗ ಉದ್ದ ಮಾಡುವ ಕೆಲಸಕ್ಕೆ ನಾವು ರೆಮಿಡಿಯಲ್ ಪಾಠ ಎನ್ನುತ್ತೇವೆ. ಅದು ನೋಡಲು ಪಾಠದ ಹಾಗೇ ಇರುವುದಿಲ್ಲ. ಪಠ್ಯಪುಸ್ತಕ ಪಕ್ಕಕ್ಕೆ ಹೋಗುತ್ತದೆ. ಮಗು ಎಲ್ಲಿ ನಿಂತಿದೆಯೋ ಅಲ್ಲಿಂದ ಶುರು. ಐದನೇ ತರಗತಿಯ ಮಗು ಕಾಗುಣಿತದಲ್ಲಿ ನಿಂತಿದ್ದರೆ ಕಾಗುಣಿತದಿಂದಲೇ. ಕನ್ನಡದ ಅಕ್ಷರ 49 ಅನ್ನುತ್ತೇವೆ. ಆದರೆ ಗುಣಿತ, ಒತ್ತು ಸೇರಿದರೆ ಮಗು ಗುರುತಿಸಬೇಕಾದ ರೂಪಗಳು ನೂರಾರು. ಯಾವ ತೊಂದರೆಯೂ ಇಲ್ಲದ ಮಕ್ಕಳಿಗೇ ಇದು ಪೂರ್ತಿ ಪಳಗಲು ಮೂರು ನಾಲ್ಕು ವರ್ಷ ಹಿಡಿಯುತ್ತದೆ. "ಸೂರ್ಯ" ಎಂದು ಬರೆದು ನೋಡಿ. ಬಾಯಲ್ಲಿ ರ್ ಮೊದಲು, ಯ ಆಮೇಲೆ. ಕಾಗದದ ಮೇಲೆ ಯ ಮೊದಲು, ಅರ್ಕಾವತ್ತು ಆಮೇಲೆ. ನಮಗೆ ಇದು ಕಣ್ಣಿಗೇ ಬೀಳುವುದಿಲ್ಲ, ಅಲ್ವಾ? ಅಕ್ಷರ ಮತ್ತು ಶಬ್ದದ ನಂಟು ಸಲೀಸಾಗಿ ಕೂರದ ಮಗುವಿಗೆ ಇಲ್ಲಿ ದಾರಿಯೇ ತಪ್ಪುತ್ತದೆ. ಮ ಮತ್ತು ಯ, ಪ ಮತ್ತು ಷ, ದ ಮತ್ತು ಧ. ಇವನ್ನು ಒಂದೊಂದಾಗಿ ಕೇಳಿಸಿ, ಮರಳಲ್ಲಿ ಬರೆಸಿ, ಬೆರಳಿನಿಂದ ತಿದ್ದಿಸಿ, ನಿನ್ನೆಯದನ್ನು ಇವತ್ತು ಮತ್ತೆ ಕೇಳಿ ಮುಂದೆ ಹೋಗಬೇಕು. ಒಂದು ಸಲಕ್ಕೆ ಮೂವತ್ತು ನಲವತ್ತು ನಿಮಿಷ ಸಾಕು. ವಾರಕ್ಕೆ ಮೂರು ನಾಲ್ಕು ದಿನ ಬೇಕು. ಎಷ್ಟು ತಿಂಗಳು ಎಂದು ಮೊದಲೇ ಹೇಳಲು ಆಗುವುದಿಲ್ಲ. ಹೇಳುವವರನ್ನು ನಂಬಬೇಡಿ.

ಇಲ್ಲಿ ಅಪ್ಪ ಅಮ್ಮಂದಿರ ತಾಳ್ಮೆ ಕೆಡುತ್ತದೆ. "ಎರಡು ತಿಂಗಳಾಯ್ತು, ಇನ್ನೂ ಕ ಕಾ ಕಿ ಕೀ ಮಾಡಿಸ್ತಿದ್ದೀರಾ. ಪೋರ್ಷನ್ ಹಿಂದೆ ಬಿತ್ತು" ಎನ್ನುತ್ತಾರೆ. ಮಗುವನ್ನು ಬಿಡಿಸಿ ಮತ್ತೆ ಟ್ಯೂಷನ್‌ಗೆ ಹಾಕುತ್ತಾರೆ. ಏಳು ಎಂಟನೇ ತರಗತಿಯಲ್ಲಿ ಪಾಠಗಳು ಉದ್ದವಾಗುತ್ತವೆ, ಬಾಯಿಪಾಠಕ್ಕೆ ನಿಲುಕುವುದಿಲ್ಲ. ಆಗ ವಾಪಸ್ ಬರುತ್ತಾರೆ. ಅಷ್ಟು ಹೊತ್ತಿಗೆ ಮಗು "ನಾನು ದಡ್ಡ" ಎಂದು ತೀರ್ಮಾನ ಮಾಡಿಕೊಂಡಿರುತ್ತದೆ. ಅಕ್ಷರ ಕಲಿಸುವುದು ಸುಲಭ. ಆ ತೀರ್ಮಾನ ಕಳಚುವುದಕ್ಕೆ ಜಾಸ್ತಿ ದಿನ ಬೇಕು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಓದಲ್ಲಿ ಹಿಂದಿರುವ ಎಲ್ಲ ಮಕ್ಕಳಿಗೂ ಡಿಸ್ಲೆಕ್ಸಿಯಾ, ಅಂದರೆ ಓದು ಬರಹ ಕೈಗೆ ಹತ್ತದ ಕಲಿಕೆಯ ತೊಂದರೆ, ಇರುವುದಿಲ್ಲ. ಕಣ್ಣು ಸರಿಯಿಲ್ಲದೆ ಬೋರ್ಡ್ ಕಾಣದಿರಬಹುದು. ಪದೇ ಪದೇ ನೆಗಡಿಯಾಗಿ ಕಿವಿ ಮಂದವಾಗಿರಬಹುದು. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು, ನಡುವೆ ಶಾಲೆ ಬದಲು. ಮನೆಯ ಜಗಳಕ್ಕೆ ನಿದ್ದೆಗೆಟ್ಟಿರಲೂಬಹುದು. ಹಾಗಾಗಿ ಮೊದಲು ಕಣ್ಣು, ಕಿವಿ ತೋರಿಸಿ. ಆಮೇಲೆ ಕ್ಲಾಸ್ ಟೀಚರ್ ಜೊತೆ ಹತ್ತು ನಿಮಿಷ ಕೂತು ಮಾತಾಡಿ. ಆಮೇಲೆ ಕಲಿಕೆಯ ತೊಂದರೆ ಇದೆಯಾ ಎಂದು ನೋಡುವ ಪರೀಕ್ಷೆಗೆ ಕರೆದುಕೊಂಡು ಹೋಗಿ. ನಾನೂ ಫೋನ್‌ನಲ್ಲಿ ಕೇಳಿ "ಇದು ಅದೇ" ಎಂದು ಹೇಳುವುದಿಲ್ಲ. ಹೇಳಬಾರದು.

ಪರೀಕ್ಷೆ ಎಲ್ಲಿ ಅಂದರೆ, ನಮ್ಮ ಭಾಗದವರಿಗೆ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1965ರಲ್ಲಿ ಶುರುವಾದದ್ದು. ಮೈಸೂರಿನವರು ಸ್ಪೀಚ್ ಅಂಡ್ ಹಿಯರಿಂಗ್ ಎನ್ನುತ್ತಾರೆ. ಕಿವಿ ಕೇಳದವರಿಗೆ ಮಾತ್ರ ಅದು ಎಂದು ಊರಿನವರೇ ತಿಳಿದಿದ್ದಾರೆ. ಕಲಿಕೆಯ ತೊಂದರೆಯನ್ನೂ ಅಲ್ಲಿ ನೋಡುತ್ತಾರೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಹೆಸರು ಕೇಳಿದೊಡನೆ ಹೆದರುವವರು ಈಗಲೂ ಇದ್ದಾರೆ. ಅಲ್ಲಿ ಮಕ್ಕಳ ವಿಭಾಗವೇ ಬೇರೆ. ದೂರದ ಊರಿನವರು ಜಿಲ್ಲಾ ಆಸ್ಪತ್ರೆಯಿಂದ ಶುರು ಮಾಡಬಹುದು.

ಇನ್ನೊಂದು ಬಾಗಿಲು ಇನ್ನೂ ಹತ್ತಿರದಲ್ಲಿದೆ. ಸಾಮಾನ್ಯವಾಗಿ ತಾಲ್ಲೂಕಿಗೊಂದು ಬಿಆರ್‌ಸಿ, ಅಂದರೆ ಕ್ಷೇತ್ರ ಸಂಪನ್ಮೂಲ ಕೇಂದ್ರ ಇದೆ. ಸಮಗ್ರ ಶಿಕ್ಷಣ ಎಂಬ ಸರ್ಕಾರಿ ಯೋಜನೆಯ ಅಡಿಯಲ್ಲಿ ಬಿಐಇಆರ್‌ಟಿ ಎಂಬ ಶಿಕ್ಷಕರು ಅಲ್ಲಿರುತ್ತಾರೆ. ವಿಶೇಷ ಅಗತ್ಯವಿರುವ ಮಕ್ಕಳಿಗಾಗಿಯೇ ಇರುವವರು. ಅವರ ಮೇಲೆ ಕೆಲಸದ ಹೊರೆ ಜಾಸ್ತಿ, ಒಬ್ಬರೇ ಊರೂರು ಸುತ್ತುತ್ತಾರೆ. ಆದರೂ ದಾರಿ ಗೊತ್ತಿರುವವರು ಅವರೇ. ಬಿಆರ್‌ಸಿ ಮುಂದೆಯೇ ಬಸ್ ಹತ್ತಿ ನನ್ನ ಹತ್ತಿರ ಬಂದವರು ಎಷ್ಟೋ ಜನ. ಒಳಗೆ ಹೋಗಿ ಕೇಳಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಕಾಗದಪತ್ರದ ವಿಷಯ ಚಿಕ್ಕದಾಗಿ ಹೇಳುತ್ತೇನೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು, ಡಿಸ್ಲೆಕ್ಸಿಯಾ ಅದರಲ್ಲೇ ಬರುತ್ತದೆ. ಅದರ ಪ್ರಮಾಣಪತ್ರವನ್ನು ಸಾಮಾನ್ಯವಾಗಿ ಎಂಟು ವರ್ಷಕ್ಕೆ ಮೊದಲು ಕೊಡುವುದಿಲ್ಲ. ಸಹಾಯ ಶುರು ಮಾಡಲು ಅದಕ್ಕಾಗಿ ಕಾಯಬೇಕಾಗಿಲ್ಲ. ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚಿನ ಸಮಯ, ಬರೆದುಕೊಡುವ ಸಹಾಯಕರು ಇಂಥ ಅನುಕೂಲಗಳಿವೆ. ಶಾಲೆಯ ಮೂಲಕ ಅರ್ಜಿ ಹೋಗಬೇಕು. ಒಂಬತ್ತನೇ ತರಗತಿಯಲ್ಲೇ ಹೆಡ್‌ಮಾಸ್ಟರ್ ಹತ್ತಿರ ಮಾತಾಡಿ. ಫೆಬ್ರವರಿಯಲ್ಲಿ ಅಳುತ್ತಾ ಬಂದರೆ ನಾನೂ ಏನೂ ಮಾಡಲು ಆಗುವುದಿಲ್ಲ.

ಸರಿ, ಮನೆಗೆ ಬಂದು ಕಲಿಸುವವರು ಬೇಕೇ ಬೇಕು ಅಂದುಕೊಳ್ಳಿ. ಯಾರನ್ನು ಆರಿಸುವುದು? ವಿಶೇಷ ಶಿಕ್ಷಕರು ಎಂದು ಹೇಳಿಕೊಂಡರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ. ಸಿಆರ್‌ಆರ್ ನಂಬರ್ ಎನ್ನುತ್ತಾರೆ. 1992ರ ಕಾಯ್ದೆಯಿಂದ ಬಂದ ಪರಿಷತ್ತು ಅದು. ಕೇಳಲು ಸಂಕೋಚ ಬೇಡ. ನನ್ನನ್ನೂ ಕೇಳಿ. ನಂಬರ್ ಇದ್ದ ಮಾತ್ರಕ್ಕೆ ನಿಮ್ಮ ಮಗುವಿಗೆ ಹೊಂದುತ್ತಾರೆ ಎಂದಲ್ಲ, ತರಬೇತಿ ಆಗಿದೆ ಎಂದಷ್ಟೇ. ಆದ್ದರಿಂದ ಒಂದು ಪಾಠ ಆಗುವಾಗ ಪಕ್ಕದಲ್ಲಿ ಕೂರಲು ಬಿಡಿ ಎನ್ನಿ. ಬಿಡದವರು ಬೇಡ. ವರ್ಷದ ಫೀಸ್ ಒಟ್ಟಿಗೆ ಕೊಡಬೇಡಿ. ಬಾಗಿಲು ಹಾಕಿಕೊಂಡು ಪಾಠ ಮಾಡಲು ಬಿಡಬೇಡಿ, ಎಷ್ಟೇ ಪರಿಚಯದವರಾಗಿರಲಿ. ಕ್ಲಾಸ್ ಟೀಚರನ್ನೇ ಸಂಜೆ ಟ್ಯೂಷನ್‌ಗೆ ಗೊತ್ತು ಮಾಡುವ ರೂಢಿಯೂ ಇದೆ. ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವಂತಿಲ್ಲ. ಅವರನ್ನು ಆ ಇಕ್ಕಟ್ಟಿಗೆ ಸಿಲುಕಿಸಬೇಡಿ.

ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುತ್ತೇವೆ, ಮಿಡ್‌ಬ್ರೇನ್, ಅಂದರೆ ನಡುಮಿದುಳು ತೆರೆಯುತ್ತೇವೆ ಎನ್ನುವವರ ಹತ್ತಿರ ದಯವಿಟ್ಟು ಹೋಗಬೇಡಿ. ಮಂಗಳೂರಿನ ವಿಚಾರವಾದಿಗಳು ವರ್ಷಗಳ ಹಿಂದೆಯೇ ಇದರ ಬಣ್ಣ ಬಯಲು ಮಾಡಿದರು. ಆದರೂ ಒಬ್ಬ ತಂದೆ ಚಿನ್ನ ಅಡವಿಟ್ಟು ಇಂಥ ಕೋರ್ಸಿಗೆ ದುಡ್ಡು ಕಟ್ಟಿ, ಆಮೇಲೆ ನನ್ನ ಹತ್ತಿರ ಬಂದಿದ್ದರು. ನನ್ನ ಫೀಸ್ ಕೊಡಲು ಅವರ ಹತ್ತಿರ ಏನೂ ಉಳಿದಿರಲಿಲ್ಲ. ಅವರನ್ನು ವಾಪಸ್ ಕಳಿಸಲು ನನ್ನಿಂದ ಆಗಲಿಲ್ಲ.

ಇನ್ನು ನೆರವಿನ ಸಂಸ್ಥೆಗಳು. ಬೆಂಗಳೂರಿನಲ್ಲಿ ಬೃಂದಾವನ್ ಎಜುಕೇಷನ್ ಟ್ರಸ್ಟ್ ಇಂಥ ಮಕ್ಕಳಿಗಾಗಿ ಕೆಲಸ ಮಾಡುತ್ತಿದೆ. ಚೆನ್ನೈನ ಮದ್ರಾಸ್ ಡಿಸ್ಲೆಕ್ಸಿಯಾ ಅಸೋಸಿಯೇಷನ್ 1990ರ ದಶಕದಿಂದ ಶಿಕ್ಷಕರನ್ನು ತಯಾರು ಮಾಡುತ್ತಾ ಬಂದಿದೆ. ನಿಮ್ಮ ಊರಿನಲ್ಲಿ ದೊಡ್ಡ ಹೆಸರಿನ ಸಂಸ್ಥೆ ಇಲ್ಲದಿರಬಹುದು. ಆದರೆ ಇದೇ ಹಾದಿಯಲ್ಲಿರುವ ಇನ್ನೊಬ್ಬ ತಾಯಿ ಖಂಡಿತ ಇರುತ್ತಾರೆ. ನಾನು ತಿಂಗಳ ಎರಡನೇ ಶನಿವಾರ ಅಪ್ಪ ಅಮ್ಮಂದಿರನ್ನು ಒಟ್ಟಿಗೆ ಕೂರಿಸುತ್ತೇನೆ. ಮೊದಲ ಸಲ ಬರುವವರು ಬಾಗಿಲ ಹತ್ತಿರ ಕೂರುತ್ತಾರೆ. ಯಾರಾದರೂ ಗುರುತಿನವರು ನೋಡಿಬಿಟ್ಟರೆ ಎಂಬ ಭಯ. ಒಮ್ಮೆ ಒಬ್ಬ ತಂದೆ ಮೂರು ಸಭೆ ತುಟಿ ಬಿಚ್ಚಲಿಲ್ಲ. ನಾಲ್ಕನೆಯ ಸಲ "ನಾನೂ ಹೀಗೇ ಇದ್ದೆ. ಮೇಷ್ಟ್ರು ಹೊಡೀತಿದ್ರು. ಏಳನೇ ಕ್ಲಾಸಿಗೆ ಬಿಟ್ಟೆ" ಎಂದರು. ಅಷ್ಟೇ ಹೇಳಿದ್ದು. ಪಕ್ಕದಲ್ಲಿದ್ದ ಹೆಂಡತಿಗೂ ಅದು ಅಲ್ಲಿಯವರೆಗೆ ಗೊತ್ತಿರಲಿಲ್ಲ. ಕಲಿಕೆಯ ತೊಂದರೆ ಮನೆತನದಲ್ಲಿ ಹರಿದುಬರುವುದು ಸಾಮಾನ್ಯ. ಆ ದಿನದ ನಂತರ ಅವರು ಮಗನ ಮೇಲೆ ಕೈ ಎತ್ತಿಲ್ಲ ಎಂದು ಹೆಂಡತಿ ಆಮೇಲೆ ಹೇಳಿದರು. ನನ್ನ ಪಾಠದಿಂದ ಆಗದ ಕೆಲಸ ಅದು.

ಸಂಸ್ಥೆಗೆ ಹೋದಾಗ ನೋಂದಣಿ ಇದೆಯಾ, ದುಡ್ಡಿಗೆ ರಸೀದಿ ಕೊಡುತ್ತಾರಾ ನೋಡಿ. ಅಲ್ಲಿ ಈಗಾಗಲೇ ಮಕ್ಕಳನ್ನು ಕಳಿಸುತ್ತಿರುವ ಇಬ್ಬರ ಜೊತೆ ಮಾತಾಡಿ. ಗೋಡೆಯ ಮೇಲಿನ ಫೋಟೋಗಳಿಗಿಂತ ಅವರ ಮಾತು ನಿಮಗೆ ಹೆಚ್ಚು ತಿಳಿಸುತ್ತದೆ.

ನನಗೆ ನಿಜಕ್ಕೂ ಸಿಟ್ಟು ಬರುವುದು ಒಂದು ವಿಷಯಕ್ಕೆ. ಮಾರ್ಕ್ಸ್ ಕಡಿಮೆಯಾದ ತಕ್ಷಣ ಮಗುವಿನ ಆಟ ಬಿಡಿಸುವುದು. ಕಬಡ್ಡಿ ಬಿಡಿಸಿದೆವು, ಡ್ರಾಯಿಂಗ್ ಬಿಡಿಸಿದೆವು, ಆ ಹೊತ್ತಿಗೆ ಟ್ಯೂಷನ್ ಹಾಕಿದೆವು ಎಂದು ಹೆಮ್ಮೆಯಿಂದ ಹೇಳುತ್ತಾರೆ. ದಿನವಿಡೀ ಶಾಲೆಯಲ್ಲಿ ಸೋಲುವ ಮಗು ಗೆಲ್ಲುತ್ತಿದ್ದ ಒಂದೇ ಜಾಗ ಅದು. ಅದನ್ನೇ ಕಿತ್ತುಕೊಂಡರೆ ಮಗು ಎಲ್ಲಿಗೆ ಹೋಗಬೇಕು?

ನನ್ನ ಹತ್ತಿರ ಬರುತ್ತಿದ್ದ ಒಬ್ಬಳು ಹುಡುಗಿ ರಂಗಾಯಣದ ಚಿಣ್ಣರ ಮೇಳಕ್ಕೆ ಸೇರಿದಳು. ಪ್ರತಿ ಬೇಸಿಗೆ ನಡೆಯುವ ಶಿಬಿರ ಅದು. ಒಂದು ಸಾಲು ಓದಲು ಕಷ್ಟಪಡುತ್ತಿದ್ದವಳು ಕಿವಿಯಲ್ಲಿ ಕೇಳಿಯೇ ಇಡೀ ನಾಟಕದ ಮಾತು ಕಲಿತಳು. ತನ್ನದಷ್ಟೇ ಅಲ್ಲ, ಎಲ್ಲರದ್ದೂ. ರಂಗದ ಮೇಲೆ ಯಾರಾದರೂ ಮರೆತರೆ ಪಿಸುಗುಟ್ಟಿ ನೆನಪಿಸುತ್ತಿದ್ದವಳು ಅವಳೇ. ಜೂನ್‌ನಲ್ಲಿ ಬಂದಾಗ "ಮಿಸ್, ಆ ನಾಟಕ ಬರೆದದ್ದು ಇದ್ಯಾ? ಓದಬೇಕು" ಎಂದಳು. ಅಲ್ಲಿಯವರೆಗೆ ಅವಳಾಗಿ ಓದಬೇಕು ಎಂದು ಕೇಳಿದ್ದೇ ಇಲ್ಲ. ಹಾಗಂತ ಎಲ್ಲ ಮಕ್ಕಳಿಗೂ ನಾಟಕವೇ ಆಗಬೇಕು ಎಂದಿಲ್ಲ. ಓಣಿಯ ಡೊಳ್ಳಿನ ತಂಡ, ಈಜು, ಚೆಸ್, ಭಜನೆ ಮನೆ, ಪಂಚಾಯಿತಿಯ ಗ್ರಂಥಾಲಯ. ಈಗ ಅದನ್ನು ಅರಿವು ಕೇಂದ್ರ ಎನ್ನುತ್ತಾರೆ, ಪುಸ್ತಕದ ಜೊತೆ ಮಕ್ಕಳ ಚಟುವಟಿಕೆಯೂ ನಡೆಯುತ್ತದೆ. ಎಲ್ಲಿ ಸೇರಿಸಬೇಕೆಂದು ಮಗುವನ್ನೇ ಕೇಳಿ. ಸೇರಿಸುವಾಗ ಅಲ್ಲಿನ ಮೇಷ್ಟ್ರಿಗೆ ಒಂದು ಮಾತು ಹೇಳಿ: ಎಲ್ಲರೆದುರು ಗಟ್ಟಿಯಾಗಿ ಓದಿಸಬೇಡಿ ಎಂದು.

ಮೊದಲು ಹೇಳಿದ ಹುಡುಗ ಈಗ ಏಳನೇ ತರಗತಿ. ನಿಧಾನವಾಗಿ ಓದುತ್ತಾನೆ, ಒತ್ತಕ್ಷರದಲ್ಲಿ ಈಗಲೂ ಎಡವುತ್ತಾನೆ. ಆದರೆ ಬೆರಳು ಎಲ್ಲಿದೆಯೋ ಕಣ್ಣೂ ಅಲ್ಲೇ ಇರುತ್ತದೆ.

ಈ ವರ್ಷ ಫೋನ್ ಮಾಡುವವರಿಗೆ ಒಂದು ಕೋರಿಕೆ. ಬರುವಾಗ ಮಗುವಿನ ಹಳೆಯ ನೋಟ್‌ಬುಕ್‌ಗಳನ್ನು ತನ್ನಿ. ಬೈಂಡ್ ಹಾಕಿದ ಹೊಸದು ಬೇಡ, ಹೋದ ವರ್ಷದ್ದು, ಅದರ ಹಿಂದಿನ ವರ್ಷದ್ದು. ನೀವು ಕೂತು ತಿದ್ದಿಸಿದ ಪುಟ ಬೇಡ. ಮಗು ತಾನೇ ಬರೆದು, ರಬ್ಬರಿನಲ್ಲಿ ಉಜ್ಜಿ ಉಜ್ಜಿ ಕಾಗದ ತೂತಾದ ಪುಟಗಳಿರುತ್ತವಲ್ಲ, ಅವು ನನಗೆ ಬೇಕು. ರದ್ದಿಗೆ ಹಾಕಬೇಡಿ.