ಸೋರುವ ಮಣ್ಣಿನ ಅಣೆಕಟ್ಟಿಗೆ ಗೋಡೆ ಸಾಕೆ?

ಮಣ್ಣಿನ ಅಣೆಕಟ್ಟಿನ ಬುಡದಲ್ಲಿ ನೀರು ಒಸರುತ್ತಿದ್ದರೆ ಮೊದಲು ನೋಡಬೇಕಾದ್ದು ಅದರ ಬಣ್ಣ. ತಿಳಿನೀರು ಹದವಾಗಿ ಜಿನುಗುತ್ತಿದ್ದರೆ ಕಟ್ಟೆ ದಶಕಗಟ್ಟಲೆ ನಿಂತೀತು. ನೀರು ಕದಡಿ ಬಂದರೆ ಒಳಗಿನ ಮಣ್ಣು ಕೊಚ್ಚಿಹೋಗುತ್ತಿದೆ ಎಂದರ್ಥ. ಆಗ ಬುಡದಲ್ಲಿ ಹುಟ್ಟಿದ ಸುರಂಗ ಜಲಾಶಯದ ಕಡೆಗೆ ಕೊರೆಯುತ್ತ ಸಾಗುತ್ತದೆ.

ಅಮೆರಿಕದ ಕೆಂಟಕಿ ರಾಜ್ಯದ ವುಲ್ಫ್ ಕ್ರೀಕ್ ಅಣೆಕಟ್ಟಿನಲ್ಲಿ ಇಂಥದ್ದೇ ಅಪಾಯ ಎದುರಾಗಿತ್ತು. ಕಂಬರ್‌ಲೆಂಡ್ ನದಿಗೆ ಅಡ್ಡಲಾಗಿರುವ ಈ ಅಣೆಕಟ್ಟಿನ ಒಂದು ಭಾಗ ಕಾಂಕ್ರೀಟಿನದು, ಉಳಿದದ್ದು ಮಣ್ಣಿನದು. ತಳದಲ್ಲಿರುವುದು ಪೊಳ್ಳುಗಳಿಂದ ತುಂಬಿದ ಸುಣ್ಣದಕಲ್ಲು. 1968ರಲ್ಲಿ ಕೆಳಗಡೆ ಕೆಸರುನೀರು ಹರಿಯಿತು, ಬುಡದ ಬಳಿ ನೆಲ ಕುಸಿದು ಗುಂಡಿಬಿತ್ತು. ಆಗ ಸಿಮೆಂಟ್ ಗ್ರೌಟ್, ಅಂದರೆ ತೆಳುವಾದ ಸಿಮೆಂಟ್ ರಾಡಿ, ತುಂಬಿ ಅಣೆಕಟ್ಟನ್ನು ಉಳಿಸಿಕೊಂಡರು. ಆದರೆ ಗ್ರೌಟ್ ಹೋಗುವುದು ಖಾಲಿ ಜಾಗಕ್ಕೆ ಮಾತ್ರ. ಪೊಳ್ಳಿನೊಳಗಿನ ಜೇಡಿ ಅಲ್ಲೇ ಉಳಿಯುತ್ತದೆ, ನೀರಿನ ಒತ್ತಡಕ್ಕೆ ಮುಂದೆಂದೋ ತೊಳೆದುಹೋಗುತ್ತದೆ. 1975–79ರಲ್ಲಿ ಸೋರಿಕೆ ತಡೆಯಲು ನೆಲದಾಳಕ್ಕೆ ಕಾಂಕ್ರೀಟ್ ಗೋಡೆ ಇಳಿಸಿದರು. ನೀರು ಅದರ ಅಡಿಯಿಂದಲೂ ಅಂಚಿನಿಂದಲೂ ದಾರಿ ಹುಡುಕಿತು. 2007ರಲ್ಲಿ ಜಲಾಶಯದ ಮಟ್ಟ ಇಳಿಸಿ, 2013ರ ಹೊತ್ತಿಗೆ ಸುಮಾರು 84 ಮೀಟರ್ ಆಳದವರೆಗೆ ಇನ್ನೊಂದು ಗೋಡೆ ಕಟ್ಟಿ ಮುಗಿಸಬೇಕಾಯಿತು.

ಇಂಥ ಗೋಡೆಗೆ ಏರಿಯ ಮೇಲಿನಿಂದ ಕಿರಿದಾದ ಕಂದಕ ತೋಡುತ್ತಾರೆ. ಪಕ್ಕ ಕುಸಿಯದಂತೆ ಬೆಂಟೊನೈಟ್ ಎಂಬ ಜೇಡಿಯ ರಾಡಿ ತುಂಬಿ, ಪೈಪಿನ ಮೂಲಕ ತಳದಿಂದ ಮೇಲಕ್ಕೆ ಕಾಂಕ್ರೀಟ್ ಸುರಿಯುತ್ತಾರೆ. ಪೊಳ್ಳು ಎದುರಾದರೆ ರಾಡಿ ಒಮ್ಮೆಲೇ ಸೋರಿ ಕಂದಕ ಕುಸಿಯಬಹುದು. ಅದಕ್ಕಾಗಿಯೇ ಎರಡನೇ ಗೋಡೆಗೆ ಮುಂಚೆ ಅದರ ಎರಡೂ ಬದಿಗೆ ಗ್ರೌಟ್ ಸಾಲು ಹಾಕಿದ್ದು.

ಎಷ್ಟೇ ಒಳ್ಳೆಯ ಗೋಡೆಯಿದ್ದರೂ ಕೆಳಬದಿಯಲ್ಲಿ, ಅಂದರೆ ಒಸರು ಹೊರಬರುವ ಬದಿಯಲ್ಲಿ, ಮರಳಿನ ಫಿಲ್ಟರ್ ಇರಲೇಬೇಕು ಎಂಬುದು ನನ್ನ ಖಚಿತ ನಿಲುವು. ಗೋಡೆ ನೀರನ್ನು ತಡೆಯುತ್ತದೆ. ಫಿಲ್ಟರ್ ನೀರನ್ನು ಬಿಟ್ಟು ಮಣ್ಣನ್ನು ಹಿಡಿಯುತ್ತದೆ. ಇದಕ್ಕೆ ಸಿಕ್ಕ ಮರಳು ಆಗುವುದಿಲ್ಲ. ಹಳೆಯ, ಇಂದಿಗೂ ಬಳಕೆಯಲ್ಲಿರುವ ಲೆಕ್ಕ ಹೀಗಿದೆ: ಮರಳಿನ ತೂಕದ 15% ಯಾವ ಗಾತ್ರಕ್ಕಿಂತ ಸಣ್ಣದೋ ಆ ಗಾತ್ರವು, ಕಟ್ಟೆಮಣ್ಣಿನ 85% ಯಾವ ಗಾತ್ರಕ್ಕಿಂತ ಸಣ್ಣದೋ ಅದರ 4–5 ಪಟ್ಟು ಮೀರಬಾರದು. 0.075 ಮಿ.ಮೀ.ಗಿಂತ ನುಣುಪಾದ ಧೂಳು 5% ದಾಟಬಾರದು. ದಾಟಿದರೆ ಮರಳು ಅಂಟಿಕೊಂಡು, ಬಿರುಕು ಬಿಟ್ಟಾಗ ತಾನೇ ಉದುರಿ ಮುಚ್ಚಿಕೊಳ್ಳುವುದಿಲ್ಲ. ಮರಳಿನ ಹೊರಗೆ ಜಲ್ಲಿ, ಅದರ ಮೇಲೆ ಭಾರಕ್ಕೆ ಮಣ್ಣು ಅಥವಾ ಕಲ್ಲು. ಒಸರುವ ಜಾಗಕ್ಕೆ ಜೇಡಿ ಮೆತ್ತುವುದಂತೂ ಕೂಡದು: ಒಳಗೆ ಒತ್ತಡ ಏರಿ ಇಳಿಜಾರೇ ಜಾರೀತು.

ನಮ್ಮ ಕೆರೆಗಳ ಏರಿಯಲ್ಲಿ ದುರ್ಬಲ ಜಾಗ ತೂಬು. ಕಲ್ಲುಕಟ್ಟಡಕ್ಕೆ ಒತ್ತಿಕೊಂಡ ಮಣ್ಣನ್ನು ಚೆನ್ನಾಗಿ ದಮ್ಮಸ್ಸು ಮಾಡುವುದು ಕಷ್ಟ, ನೀರು ಆ ಸಂದಿನಲ್ಲೇ ನುಸುಳುತ್ತದೆ. ಏರಿಯೊಳಗೆ ಹಾಯುವ ತೂಬಿನ ಕಾಲುವೆಯ ಸುತ್ತ, ಕೆಳಬದಿಗೆ ಮರಳಿನ ಪಟ್ಟಿ ಕೊಡುವುದು ಇಲ್ಲಿಗೆ ತಕ್ಕ ಪರಿಹಾರ. ದುರಸ್ತಿಗೆಂದು ನೀರನ್ನು ಅವಸರದಲ್ಲಿ ಖಾಲಿ ಮಾಡಬಾರದು. ಒದ್ದೆ ಮಣ್ಣಿನೊಳಗಿನ ನೀರಿನ ಒತ್ತಡ ಇಳಿಯುವ ಮೊದಲೇ ಎದುರಿನ ಆಸರೆ ಹೋಗಿ, ನೀರಿನ ಬದಿಯ ಇಳಿಜಾರು ಕುಸಿಯುತ್ತದೆ.

ಕೆಲಸ ಮುಗಿದ ಮೇಲೆ ಒಸರನ್ನು V ಆಕಾರದ ಕಚ್ಚಿರುವ ಅಳತೆಯ ತಡೆಹಲಗೆಯಾದ ವಿ-ನಾಚ್‌ನಿಂದ, ಒಳಗಿನ ಒತ್ತಡವನ್ನು ಪೀಜೋಮೀಟರಿನಿಂದ ಅಳೆದು, ಅದೇ ದಿನದ ಜಲಾಶಯದ ಮಟ್ಟದೊಂದಿಗೆ ಹೋಲಿಸಬೇಕು. ಒಸರು ಕಡಿಮೆಯಾಯಿತೆಂದು ಸಮಾಧಾನಪಡುವ ಮುನ್ನ ಕೆಳಬದಿಯ ಪೀಜೋಮೀಟರ್ ನೋಡಿ; ಅದು ಏರುತ್ತಿದ್ದರೆ ಸೋರಿಕೆ ನಿಂತಿಲ್ಲ, ನೀರು ಹೊರಹೋಗುವ ದಾರಿ ಕಟ್ಟಿಕೊಂಡಿದೆ.