ಪಹಣಿ ಇಲ್ಲದ ಕಡಲಲ್ಲಿ ಫ್ಯಾನ್ ನಿಲ್ಲಿಸಲು ಜಾಗ ಕೊಡುವವರು ಯಾರು?

ಪ್ರಶ್ನೆ: ನಮ್ಮದು ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿ. ಗಾಳಿ ಫ್ಯಾನ್ ಹಾಕಲು ಕಂಪನಿಯೊಂದರವರು ನಮ್ಮ ಹೊಲವನ್ನು ಲೀಸಿಗೆ ಕೇಳಿದ್ದಾರೆ. ಕರಾರುಪತ್ರದ ಕರಡಿನ ಫೋಟೊ ಕಳುಹಿಸಿದ್ದೇನೆ, ನೋಡಿ. ಇನ್ನೊಂದು ಸಂಶಯ. ಸಮುದ್ರದಲ್ಲೂ ಇಂತಹ ಫ್ಯಾನ್ ನಿಲ್ಲಿಸುತ್ತಾರೆಂದು ಟಿ.ವಿ.ಯಲ್ಲಿ ತೋರಿಸಿದರು. ಅಲ್ಲಿ ಹೊಲವಿಲ್ಲ, ಪಹಣಿಯಿಲ್ಲ. ಹಾಗಾದರೆ ಆ ಜಾಗ ಯಾರದು? ಯಾರಿಗೆ ಕೊಡಬೇಕೆಂದು ನಿರ್ಧರಿಸುವವರು ಯಾರು?

ಉತ್ತರ: ಇಂತಹ ಪ್ರಶ್ನೆ ನನಗೆ ಆಗಾಗ ಬರುತ್ತದೆ. ಕಡಲು ಕಾಣದ ಜಿಲ್ಲೆಯಿಂದಲೇ ಹೆಚ್ಚು ಬರುತ್ತದೆ ಎಂಬುದು ಸೋಜಿಗವೇನಲ್ಲ. ಫ್ಯಾನ್ ನೋಡಿದವರಿಗೇ ಅದರ ಬುಡದ ಬಗ್ಗೆ ಅನುಮಾನ ಹುಟ್ಟುವುದು.

ನಮ್ಮ ಕಡೆ ನಡೆಯುವುದನ್ನು ಮೊದಲು ನೆನಪಿಸಿಕೊಳ್ಳಿ. ಕಂಪನಿಯವರಿಗಿಂತ ಮುಂಚೆ ಊರಿಗೆ ಬರುವುದು ಒಂದು ಕಂಬ. ಕುಷ್ಟಗಿ ಕಡೆಗೆ ಹೋಗುವಾಗ ಎರೆ ಹೊಲಗಳ ನಡುವೆ ತಂತಿಗಳಿಂದ ನಾಲ್ಕೂ ದಿಕ್ಕಿಗೆ ಬಿಗಿದು ಕಟ್ಟಿದ ಸಣಕಲು ಉಕ್ಕಿನ ಕಂಬಗಳನ್ನು ನೀವು ನೋಡಿರಬಹುದು. ಅದರ ತೋಳುಗಳಲ್ಲಿ ಮೂರು ಬಟ್ಟಲುಗಳು ಗಿರಗಿರ ತಿರುಗುತ್ತಿರುತ್ತವೆ. ಮೊಬೈಲ್ ಟವರೆಂದು ತಿಳಿದು, ಸಿಗ್ನಲ್ ಯಾವಾಗ ಬರುತ್ತದೆ ಎಂದು ಕುರಿಗಾಹಿಯೊಬ್ಬರು ನನ್ನನ್ನೇ ಕೇಳಿದ್ದರು. ಅದು ಗಾಳಿ ಅಳೆಯುವ ಕಂಬ. ಆಷಾಢದ ಗಾಳಿಯನ್ನೂ ಮಾಗಿಯ ಮಂಕುಗಾಳಿಯನ್ನೂ ವರ್ಷವಿಡೀ ಬರೆದಿಟ್ಟುಕೊಳ್ಳುತ್ತದೆ. ಇಷ್ಟು ತಾಳ್ಮೆ ಏಕೆಂದರೆ, ಸೆಕೆಂಡಿಗೆ 6 ಮೀಟರ್ ಬೀಸುವ ಗಾಳಿ 7 ಮೀಟರ್ ಆಯಿತೆಂದರೆ ಅದರೊಳಗಿನ ಶಕ್ತಿ ಸುಮಾರು ಶೇ 60ರಷ್ಟು ಏರುತ್ತದೆ. ಗಾಳಿಯ ಲೆಕ್ಕ ಕೂಡುವ ಲೆಕ್ಕವಲ್ಲ, ವೇಗವನ್ನು ಮೂರು ಸಲ ಬರೆದು ಒಂದಕ್ಕೊಂದು ಗುಣಿಸುವ ಲೆಕ್ಕ. ಕಂಬ ಒಪ್ಪಿದ ಮೇಲೆ ಏಜೆಂಟರು ಬರುತ್ತಾರೆ. ಸರ್ವೆ ನಂಬರ್, ಚಕ್ಕುಬಂದಿ, ಅಣ್ಣತಮ್ಮಂದಿರ ಸಹಿ, ಸಬ್‌ರಿಜಿಸ್ಟ್ರಾರ್ ಕಚೇರಿ, ದಾರಿಯ ತಕರಾರು ಎಲ್ಲವೂ ಆ ಬಳಿಕದ ಕಥೆ.

ಕಡಲಲ್ಲಿ ಅಣ್ಣತಮ್ಮಂದಿರಿಲ್ಲ. ಒಬ್ಬರೇ ಯಜಮಾನರು, ಕೇಂದ್ರ ಸರ್ಕಾರ. ಸಂವಿಧಾನದ 297ನೇ ವಿಧಿಯೇ ಅದರ ಪಹಣಿ ಎನ್ನಬಹುದು. ಕಡಲತಳದ ನೆಲವೂ ಅಲ್ಲಿನ ಸಂಪತ್ತೂ ಒಕ್ಕೂಟಕ್ಕೆ ಸೇರಿದ್ದು ಎಂದು ಅದು ಹೇಳುತ್ತದೆ. ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿ.ಮೀ. ನಮ್ಮ ಪ್ರಾದೇಶಿಕ ಜಲಗಡಿ. 200 ನಾಟಿಕಲ್ ಮೈಲಿಯವರೆಗೆ, ಅಂದರೆ ಸುಮಾರು 370 ಕಿ.ಮೀ. ವರೆಗೆ, ಅಲ್ಲಿನ ಸಂಪತ್ತನ್ನು ಬಳಸುವ ಹಕ್ಕು ನಮ್ಮದು. 1976ರ ಕಾಯ್ದೆಯೊಂದರಲ್ಲಿ ಈ ಗಡಿಗಳು ನಿಗದಿಯಾಗಿವೆ. ಚಕ್ಕುಬಂದಿಯ ಜಾಗದಲ್ಲಿ ಅಕ್ಷಾಂಶ, ರೇಖಾಂಶ ಬರೆಯುತ್ತಾರೆ. ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ ಎನ್ನುವ ಹಾಗಿಲ್ಲ.

ಕಡಲ ಗಾಳಿ ವಿದ್ಯುತ್ತಿನ ರಾಷ್ಟ್ರೀಯ ನೀತಿ 2015ರಲ್ಲಿ ಬಂತು, ಲೀಸ್ ನಿಯಮಗಳು 2023ರ ಕೊನೆಯಲ್ಲಿ ಬಂದವು. ಘಟಕ ಕಟ್ಟಿ ನಡೆಸಲು ಲೀಸಿನ ಅವಧಿ 35 ವರ್ಷ. ಬಾಡಿಗೆ ಚದರ ಕಿಲೋಮೀಟರಿಗೆ ವರ್ಷಕ್ಕೆ 1 ಲಕ್ಷ ರೂಪಾಯಿ. ಒಂದು ಚದರ ಕಿಲೋಮೀಟರ್ ಎಂದರೆ 247 ಎಕರೆ. ಎಕರೆಗೆ ನಾನೂರು ರೂಪಾಯಿಯ ಆಸುಪಾಸು ಬೀಳುತ್ತದೆ. ನಿಮ್ಮ ಕರಡಿನಲ್ಲಿರುವ ಮೊತ್ತವನ್ನು ಇದರ ಪಕ್ಕದಲ್ಲಿಟ್ಟು ನಗಬಹುದು. ಆದರೆ ಕಡಲಲ್ಲಿ ದುಬಾರಿಯಾಗುವುದು ಜಾಗವಲ್ಲ, ಜಾಗದ ಬಗೆಗಿನ ಅಜ್ಞಾನ. ಅದಕ್ಕೆ ಆಮೇಲೆ ಬರುತ್ತೇನೆ.

ಜಾಗ ಆರಿಸುವುದು ಕಳೆಯುತ್ತಾ ಹೋಗುವ ಕೆಲಸ. ನಕ್ಷೆಯಲ್ಲಿ ಗಾಳಿ ಚೆನ್ನಾಗಿರುವ ಕಡಲನ್ನೆಲ್ಲ ಮೊದಲು ಬಣ್ಣ ತುಂಬಿ ಗುರುತಿಸುತ್ತಾರೆ. ಬಳಿಕ ಅಳಿಸಲು ಶುರು. ನೀರಿನ ಆಳ ಸುಮಾರು 50-60 ಮೀಟರ್ ದಾಟಿದರೆ ತಳಕ್ಕೆ ಊರುವ ಕಂಬ ದುಬಾರಿ, ತೇಲುವ ಫ್ಯಾನೇ ಬೇಕು, ಅಷ್ಟು ಅಳಿಸಿ. ಹಡಗಿನ ದಾರಿ ಅಳಿಸಿ. ನೌಕಾಪಡೆಯ ಅಭ್ಯಾಸದ ಜಾಗ, ತೈಲದ ಕೊಳವೆ, ಇಂಟರ್ನೆಟ್ ಕೇಬಲ್, ಹವಳದ ದಿಬ್ಬ ಅಳಿಸಿ. ರಕ್ಷಣೆ, ಗೃಹ, ವಿದೇಶಾಂಗ, ಪರಿಸರ, ಬಂದರು ಇಲಾಖೆಗಳ ಜೊತೆಗೆ ಬಾಹ್ಯಾಕಾಶ ಇಲಾಖೆಯ ಒಪ್ಪಿಗೆಯೂ ಬೇಕು. ಮೀನುಗಾರರ ಬಲೆ ಬೀಳುವ ಜಾಗವನ್ನು ಈ ನಕ್ಷೆಯಲ್ಲಿ ತೆಳು ಪೆನ್ಸಿಲಿನಿಂದ ಗುರುತಿಸುವುದೇ ಹೆಚ್ಚು ಎಂಬುದು ನನ್ನ ತಕರಾರು. ಅವರಿಗೂ ಪಹಣಿಯಿಲ್ಲವಲ್ಲ. ಹೀಗೆ ಸೋಸಿ ಉಳಿದದ್ದು ಸದ್ಯಕ್ಕೆ ಗುಜರಾತ್ ಮತ್ತು ತಮಿಳುನಾಡಿನ ಕಡಲು. ನಮ್ಮ ಕಾರವಾರ, ಉಡುಪಿ ಕಡೆಗೆ ಇನ್ನೂ ಸರದಿ ಬಂದಿಲ್ಲ.

ಕಡಲಲ್ಲೂ ಗಾಳಿ ಅಳೆಯಲೇಬೇಕು. ತಂತಿ ಕಟ್ಟಿ ಕಂಬ ನಿಲ್ಲಿಸಲಾಗದ ಕಡೆ ‘ಲೈಡಾರ್’ ಎಂಬ ಉಪಕರಣ ಇಡುತ್ತಾರೆ. ಅದು ಲೇಸರ್ ಕಿರಣವನ್ನು ಮೇಲಕ್ಕೆ ಚಿಮ್ಮಿಸಿ, ಗಾಳಿಯಲ್ಲಿ ಸಾಗುವ ಧೂಳಿನ ಕಣಗಳಿಂದ ಮರಳಿ ಬಂದ ಬೆಳಕನ್ನು ಓದಿ ವೇಗ ಹೇಳುತ್ತದೆ. ಚೆನ್ನೈನ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆ 2017ರಲ್ಲಿ ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ, ದಡದಿಂದ ಇಪ್ಪತ್ತು ಕಿಲೋಮೀಟರಿಗೂ ಆಚೆ, ಕಡಲತಳಕ್ಕೆ ಕಂಬ ಹೊಡೆದು ಅದರ ಮೇಲೊಂದು ಲೈಡಾರ್ ಇಟ್ಟಿತು. ಕುಷ್ಟಗಿಯ ಬಟ್ಟಲು ಕಂಬಕ್ಕೆ ಅದು ನೀರಿನಲ್ಲಿರುವ ದಾಯಾದಿ.

ಈಗ ಟೆಂಡರಿನ ಮಾತು. ಇದನ್ನು ನಮ್ಮ ಭಾಗದವರಿಗೆ ವಿವರಿಸುವುದು ಸುಲಭ. ನೀವು ಬೋರ್‌ವೆಲ್ ಕೊರೆಸಿಯೇ ಇರುತ್ತೀರಿ. ಗಾಡಿಯವನು ದರ ಹೇಳುವ ಮುನ್ನ ಏನು ಕೇಳುತ್ತಾನೆ? ಪಕ್ಕದ ಹೊಲದಲ್ಲಿ ಎಷ್ಟು ಅಡಿಗೆ ಕಲ್ಲು ಸಿಕ್ಕಿತು, ಕೇಸಿಂಗ್ ಪೈಪು ಎಷ್ಟು ಇಳಿಯಿತು? ಗೊತ್ತಿದ್ದರೆ ಒಂದು ದರ, ಗೊತ್ತಿಲ್ಲದಿದ್ದರೆ ಅವನು ತನ್ನ ಭಯವನ್ನೂ ದರದಲ್ಲಿ ಸೇರಿಸುತ್ತಾನೆ. ಕಡಲಿನ ಟೆಂಡರೂ ಇಷ್ಟೇ. ಫ್ಯಾನಿನ ಬುಡಕ್ಕೆ ಊರುವ ಉಕ್ಕಿನ ಕೊಳವೆಯ ವ್ಯಾಸವೇ ಏಳೆಂಟು ಮೀಟರ್ ಇರಬಹುದು. ಎತ್ತಿನ ಗಾಡಿ ಅದರೊಳಗೆ ಆರಾಮಾಗಿ ತಿರುಗುತ್ತದೆ. ತಳದಲ್ಲಿ ಮರಳಿದೆಯೋ, ಕೆಸರಿದೆಯೋ, ಬಂಡೆಯಿದೆಯೋ ತಿಳಿಯದೆ ಅದರ ಉದ್ದ ಹೇಳುವುದು ಹೇಗೆ? ತಿಳಿಯಲು ಹಡಗು ಬಾಡಿಗೆಗೆ ಪಡೆದು, ಸದ್ದಿನ ಅಲೆಗಳಿಂದ ನೋಡುವ ಸೋನಾರ್ ಉಪಕರಣದಿಂದ ತಳದ ಚಿತ್ರ ತೆಗೆಯಬೇಕು, ನೀರಿನ ಮೇಲೆ ನಿಂತು ಮಣ್ಣು ಕೊರೆಯಬೇಕು. ಈ ಖರ್ಚು ಯಾರು ಹಾಕಬೇಕು ಎಂಬುದರ ಮೇಲೆಯೇ ಟೆಂಡರಿನ ಜಾತಕ ನಿಂತಿದೆ.

ನೆದರ್‌ಲೆಂಡ್ಸ್‌ನಲ್ಲಿ ಸರ್ಕಾರವೇ ಕೊರೆಸಿ, ಗಾಳಿ ಅಳೆಸಿ, ವರದಿಯನ್ನು ಎಲ್ಲ ಬಿಡ್‌ದಾರರ ಮುಂದೆ ಇಡುತ್ತದೆ. ಎಲ್ಲರ ಕೈಯಲ್ಲೂ ಒಂದೇ ವರದಿ. ಬ್ರಿಟನ್ನಿನಲ್ಲಿ ಕಡಲತಳ ನೋಡಿಕೊಳ್ಳುವ ಕ್ರೌನ್ ಎಸ್ಟೇಟ್ ವಿಶಾಲವಾದ ಜಾಗಕ್ಕೆ ಹಕ್ಕು ಕೊಟ್ಟು, ಶೋಧನೆಯ ಹೆಚ್ಚಿನ ಭಾರವನ್ನು ಕಂಪನಿಗೇ ಬಿಡುತ್ತಾ ಬಂದಿದೆ. 2021ರ ಹರಾಜಿನಲ್ಲಿ ಆ ಹಕ್ಕಿಗಾಗಿಯೇ ಕಂಪನಿಗಳು ಭಾರಿ ಮೊತ್ತ ಕೂಗಿದವು. ನನ್ನನ್ನು ಕೇಳಿದರೆ ಮೊದಲನೆಯದೇ ಸರಿ. ಹತ್ತು ಕಂಪನಿಗಳು ಒಂದೇ ಜಾಗವನ್ನು ಹತ್ತು ಸಲ ಕೊರೆಯುವುದರಲ್ಲಿ ಅರ್ಥವಿಲ್ಲ.

ನಮ್ಮ ದೇಶ 2024ರಲ್ಲಿ ಎರಡೂ ದಾರಿಯಲ್ಲಿ ಕಾಲಿಟ್ಟಿತು. ಟೆಂಡರ್ ಕರೆದದ್ದು ಭಾರತೀಯ ಸೌರಶಕ್ತಿ ನಿಗಮ. ಹೆಸರಿನಲ್ಲಿ ಸೂರ್ಯನಿದ್ದರೂ ಗಾಳಿಯ ಟೆಂಡರೂ ಅದರದ್ದೇ. ತಮಿಳುನಾಡಿನ ಕಡಲಲ್ಲಿ 4,000 ಮೆಗಾವ್ಯಾಟ್‌ಗೆ ಸಾಕಾಗುವ ತಳವನ್ನು ಲೀಸಿಗಿಟ್ಟಿತು, ಶೋಧನೆ ನಿಮ್ಮದೇ ಎಂದಿತು. ಗುಜರಾತಿನಲ್ಲಿ, ಸರ್ಕಾರವೇ ಶೋಧಿಸಿದ ಜಾಗದಲ್ಲಿ, 500 ಮೆಗಾವ್ಯಾಟ್‌ಗೆ ಸಹಾಯಧನದೊಂದಿಗೆ ಬಿಡ್ ಕೇಳಿತು. ಸಮುದ್ರದಿಂದ ದಡಕ್ಕೆ ಕರೆಂಟು ತರುವ ಲೈನು ಕೇಂದ್ರ ಸರ್ಕಾರದ ವಿದ್ಯುತ್ ಪ್ರಸರಣ ಕಂಪನಿ ಪವರ್ ಗ್ರಿಡ್‌ನ ಜವಾಬ್ದಾರಿ. 2024ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಸಹಾಯಧನ ಎರಡು ರಾಜ್ಯಗಳ ಒಟ್ಟು 1,000 ಮೆಗಾವ್ಯಾಟ್‌ಗೆ 6,853 ಕೋಟಿ ರೂಪಾಯಿ, ಎರಡು ಬಂದರುಗಳ ಸುಧಾರಣೆಗೆ ಇನ್ನೂ 600 ಕೋಟಿ. ಭಾಗಿಸಿ ನೋಡಿ: ಮೆಗಾವ್ಯಾಟಿಗೆ ಹತ್ತಿರ ಹತ್ತಿರ 7 ಕೋಟಿ. ನಮ್ಮ ಹೊಲದಲ್ಲಿ ಒಂದು ಮೆಗಾವ್ಯಾಟ್ ನಿಲ್ಲಿಸುವ ಪೂರ್ತಿ ಖರ್ಚಿಗೆ ಇದು ಅಷ್ಟೇನೂ ದೂರವಿಲ್ಲ, ಅಲ್ಲಿ ಇದು ಸಹಾಯಧನ ಮಾತ್ರ.

ಅಷ್ಟಾದರೂ ಯಾರೂ ಮುಂದೆ ಬರಲಿಲ್ಲ. 2025ರಲ್ಲಿ ಎರಡೂ ಟೆಂಡರ್ ರದ್ದಾದವು. ನಮ್ಮವರ ತಪ್ಪೇ ಎಂದು ಹಳಿಯುವ ಮುನ್ನ ಇದೂ ತಿಳಿದಿರಲಿ: ಕಡಲ ಫ್ಯಾನಿನ ತವರಾದ ಡೆನ್ಮಾರ್ಕ್ 2024ರ ಡಿಸೆಂಬರಿನಲ್ಲಿ 3,000 ಮೆಗಾವ್ಯಾಟ್‌ಗೆ ಟೆಂಡರ್ ತೆರೆದಾಗ ಒಂದೂ ಬಿಡ್ ಇರಲಿಲ್ಲ. 2025ರ ಆಗಸ್ಟ್‌ನಲ್ಲಿ ಜರ್ಮನಿಗೂ ಅದೇ ಗತಿಯಾಯಿತು. ಬಡ್ಡಿ ಏರಿತ್ತು, ಉಕ್ಕು ಏರಿತ್ತು. ನಮ್ಮಲ್ಲಿ ಇನ್ನೊಂದು ತೊಡಕೂ ಇದೆ. ಎರೆ ಹೊಲದ ಗಾಳಿ ಯೂನಿಟ್‌ಗೆ ಮೂರೂವರೆ, ನಾಲ್ಕು ರೂಪಾಯಿಗೆ ಸಿಗುತ್ತಿರುವಾಗ ಕಡಲಿನ ದುಬಾರಿ ಗಾಳಿಯನ್ನು ಕೊಳ್ಳಲು ಯಾವ ಎಸ್ಕಾಂ ಓಡಿಬರುತ್ತದೆ? ಕಡಲ ಫ್ಯಾನಿಗೆ ಪೈಪೋಟಿ ಕೊಡುತ್ತಿರುವವರು, ಒಂದು ರೀತಿಯಲ್ಲಿ, ನೀವೇ.

ಕೊನೆಯದಾಗಿ ನಿಮ್ಮ ಕರಡು. ಕಡಲಿನ ನೀತಿಯಲ್ಲಿ ನನಗೆ ಮೆಚ್ಚುಗೆಯಾದ ಒಂದು ಅಂಶವಿದೆ. ಅವಧಿ ಮುಗಿದ ಮೇಲೆ ಫ್ಯಾನನ್ನು ಕಿತ್ತು ಜಾಗ ತೆರವು ಮಾಡುವುದು ಹೇಗೆಂಬ ಯೋಜನೆಯನ್ನು ಕಂಪನಿಯೇ ಕೊಡಬೇಕು, ಖರ್ಚೂ ಅದರದ್ದೇ. ಜಗತ್ತಿನ ಮೊದಲ ಕಡಲ ಗಾಳಿ ಘಟಕವನ್ನು ಡೆನ್ಮಾರ್ಕಿನ ವಿಂಡೆಬಿಯಲ್ಲಿ 1991ರಲ್ಲಿ ಕಟ್ಟಿದರು, ಹನ್ನೊಂದು ಫ್ಯಾನ್. 2017ರಲ್ಲಿ ಹನ್ನೊಂದನ್ನೂ ಕಿತ್ತು ದಡಕ್ಕೆ ತಂದರು. ನಿಮ್ಮ ಹೊಲದಲ್ಲಿ ಫ್ಯಾನ್ ಕೆಳಗೆ ಹೂಳುವುದು ನೂರಾರು ಘನ ಮೀಟರ್ ಕಾಂಕ್ರೀಟು. ಅದರ ಮೇಲೆ ಕಡಲೆ ಬೆಳೆಯುವುದಿಲ್ಲ. ಅದನ್ನು ಯಾರು, ಎಷ್ಟು ಅಡಿವರೆಗೆ ಅಗೆದು ತೆಗೆಯಬೇಕು ಎಂಬ ಕಲಂ ಇದೆಯೇ ಎಂದು ನೀವು ಕಳುಹಿಸಿದ ಎರಡು ಪುಟಗಳಲ್ಲಿ ಹುಡುಕಿದೆ, ಕಾಣಲಿಲ್ಲ. ಮೂರನೆಯ ಪುಟವಿದ್ದರೆ ಕಳುಹಿಸಿ. ಇಲ್ಲವಾದರೆ ಆ ಕಲಂ ಬರೆಸಿಕೊಳ್ಳುವವರೆಗೆ ಸಹಿಯ ಪೆನ್ನು ಜೇಬಿನಲ್ಲೇ ಇರಲಿ.