ಗೋಥಿಕ್ ಬಾಗಿಲಿನ ಕಪ್ಪು: ಎಷ್ಟು ತೆಗೆಯಬೇಕು?

ಪ್ಯಾರಿಸ್‌ನ ನೋತ್ರ್ ದಾಮ್ ಕೆಥೆಡ್ರಲ್‌ನ ಪಶ್ಚಿಮದ ನಡುಬಾಗಿಲು 13ನೇ ಶತಮಾನದ್ದು. ಆದರೆ ಅದರ ನಡುಗಂಬ, ಅಲ್ಲಿರುವ ಕ್ರಿಸ್ತನ ಮೂರ್ತಿ, ಇಕ್ಕೆಲದ ಅಪೊಸ್ತಲರು (ಕ್ರಿಸ್ತನ ಶಿಷ್ಯರು) 19ನೇ ಶತಮಾನದವರು. ಮೆರವಣಿಗೆಯ ಮೇಲ್ಕಟ್ಟು ಒಳಗೆ ಹಾಯಲೆಂದು 1771ರಲ್ಲಿ ಹಳೆಯ ಕಂಬ ತೆಗೆದು, ಮೇಲಿನ ಶಿಲ್ಪಪಟ್ಟಿಯನ್ನೂ ಕತ್ತರಿಸಿದರು. ಫ್ರೆಂಚ್ ಕ್ರಾಂತಿಯಲ್ಲಿ ಮೂರ್ತಿಗಳು ಉರುಳಿದವು. 1840ರ ದಶಕದಲ್ಲಿ ಶುರುವಾದ ಜೀರ್ಣೋದ್ಧಾರ ಹೊಸದನ್ನು ಕೆತ್ತಿ ನಿಲ್ಲಿಸಿತು. ಯಾವುದು ಮೂಲ ಎಂಬುದೇ ಗೋಜಲಾಗಿರುವ ಇಂಥ ಬಾಗಿಲುಗಳ ಮೇಲೆ ಕಪ್ಪು ಬೇರೆ ಕೂತಿತು.

ಕಪ್ಪು ಎಲ್ಲಿ ಕೂರುತ್ತದೆ ಎಂಬುದನ್ನು ಬಾಗಿಲಿನ ರಚನೆಯೇ ನಿರ್ಧರಿಸುತ್ತದೆ. ಗೋಥಿಕ್ ಎಂಬ ಮಧ್ಯಯುಗದ ಯುರೋಪಿನ ಶೈಲಿಯ ಬಾಗಿಲಿನ ಪಕ್ಕಗೋಡೆಗಳು ಮೆಟ್ಟಿಲು ಮೆಟ್ಟಿಲಾಗಿ ಒಳಸರಿಯುತ್ತವೆ. ಅಲ್ಲಿ ಸಾಲು ಮೂರ್ತಿಗಳು, ಅವುಗಳ ನೆತ್ತಿಯ ಮೇಲೆ ಪುಟ್ಟ ಕಲ್ಲುಚಾವಣಿ. ಮೇಲೆ ಒಂದರೊಳಗೊಂದು ಕಮಾನು, ಅವುಗಳ ಒಡಲಲ್ಲಿ ಟಿಂಪನಮ್ ಎಂಬ ಶಿಲ್ಪಫಲಕ. ಮಳೆ ಬಡಿಯುವ ಮೂಗು, ಮೊಣಕಾಲು ಬೆಳ್ಳಗಿರುತ್ತವೆ, ಸವೆಯುತ್ತವೆ. ಗದ್ದದಡಿಗೆ, ಸೆರಗಿನ ಮಡಿಕೆಗೆ ಮಳೆ ತಲುಪದು. ಅಲ್ಲಿ ಕಲ್ಲಿದ್ದಲ ಹೊಗೆಯ ಸಲ್ಫರ್ ಡೈಆಕ್ಸೈಡ್ ತೇವದೊಡನೆ ಸೇರಿ ಸುಣ್ಣಕಲ್ಲಿನ ಮೈಯನ್ನು ಜಿಪ್ಸಮ್ ಮಾಡುತ್ತದೆ, ಮಸಿ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಅದು ಮೇಲೆ ಅಂಟಿದ ಬರೀ ಕೊಳೆಯಲ್ಲ, ಕಲ್ಲೇ ಬದಲಾದದ್ದು. ಹೊಪ್ಪಳೆ ಎದ್ದರೆ ರೆಪ್ಪೆಯ ಗೆರೆಯೂ ಜೊತೆಗೇ ಬರುತ್ತದೆ. ಅಡಿಯಲ್ಲಿ ಉಳಿಯುವುದು ಪುಡಿಯಾದ ಕಲ್ಲು.

ಕಪ್ಪು ತೆಗೆಯಲು ಮರಳು ಚಿಮ್ಮಿಸಿ ಉಜ್ಜಿದ ಕಡೆ ಶಿಲ್ಪಿಯ ಉಳಿಯ ಗುರುತೇ ಅಳಿಯಿತು. ದಿನಗಟ್ಟಲೆ ನೀರು ಸಿಂಪಡಿಸಿದರೆ ಒಳಗಿನ ಲವಣ ಮೇಲೇಳುತ್ತದೆ, ಕಬ್ಬಿಣದ ಕೊಂಡಿ ತುಕ್ಕು ಹಿಡಿದು ಉಬ್ಬಿ ಕಲ್ಲನ್ನು ಸೀಳುತ್ತದೆ. ಹಾಗಾಗಿ 1990ರ ದಶಕದಲ್ಲಿ ಫ್ರಾನ್ಸಿನ ಆಮಿಯೆನ್ ಕೆಥೆಡ್ರಲ್‌ನ ಪಶ್ಚಿಮ ಬಾಗಿಲುಗಳಿಗೆ ಲೇಸರ್ ಬಂದಾಗ ಅದು ದೊಡ್ಡ ಆಸರೆಯಂತೆ ಕಂಡಿತು. 1064 ನ್ಯಾನೋಮೀಟರ್ ತರಂಗಾಂತರದ ಲೇಸರ್ ಬೆಳಕನ್ನು ಕಪ್ಪು ಪದರ ಹೀರಿ ಕಿತ್ತು ಹಾರುತ್ತದೆ. ತಿಳಿ ಬಣ್ಣದ ಕಲ್ಲು ಹೀರುವುದು ಬಹಳ ಕಡಿಮೆ, ಆದ್ದರಿಂದ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಆಮಿಯೆನ್‌ನಲ್ಲಿ ಮಧ್ಯಯುಗದ ಬಣ್ಣದ ಕುರುಹುಗಳು ಹೊರಬಂದವು. ಈ ಬಾಗಿಲುಗಳು ಹುಟ್ಟುವಾಗ ಬೂದು ಬಣ್ಣದವಾಗಿರಲಿಲ್ಲ.

ತೊಡಕು ಶುರುವಾದದ್ದೂ ಇಲ್ಲೇ. ಲೇಸರ್ ಮುಗಿಸಿದ ಕಲ್ಲು ಹಳದಿಗೆ ತಿರುಗಿ ಕಾಣುತ್ತದೆ. ಇದು ಹಳೆಯ ಮೈಬಣ್ಣವೆಂದು ಕೆಲವರು, ಲೇಸರಿನ ಅಡ್ಡಪರಿಣಾಮವೆಂದು ಕೆಲವರು ವಾದಿಸಿದರು. ಅದಕ್ಕಿಂತ ಗಂಭೀರವಾದದ್ದು ಬಣ್ಣದ ಮಾತು: ಸೀಸದ ಬಿಳಿಯೂ ಇಂಗಳೀಕದ ಕೆಂಪೂ ಲೇಸರ್ ತಾಗಿದರೆ ಕಪ್ಪಾಗುತ್ತವೆ, ಅದನ್ನು ಹಿಂದಕ್ಕೆ ತರುವುದು ಬಲು ಕಷ್ಟ. ಮಸಿಯಡಿ ಎಂಟು ಶತಮಾನ ಉಳಿದ ತುಟಿಯ ಕೆಂಪು ಒಂದೇ ಹೊಡೆತಕ್ಕೆ ಹೋಗಬಹುದು.

ಆದ್ದರಿಂದ ಮೊದಲು ಬೆರಳಗಲದ ಜಾಗದಲ್ಲಿ ಪರೀಕ್ಷೆ. ಬಣ್ಣದ ಸುಳಿವು ಸಿಕ್ಕಲ್ಲಿ ಲೇಸರ್ ನಿಲ್ಲಿಸಿ ಕೊಳೆ ಹೀರುವ ಲೇಪ ಹಚ್ಚುವುದು, ಇಲ್ಲವೇ ಭೂತಗನ್ನಡಿಯಡಿ ಸಣ್ಣ ಚಾಕುವಿನಿಂದ ಕೆರೆಯುವುದು. ಪುಡಿಯಾದ ಕಲ್ಲನ್ನು ಗಟ್ಟಿ ಮಾಡಿದ ಮೇಲೆಯೇ ಮುಂದಿನ ಹೆಜ್ಜೆ. ಕೊನೆಯ ತೆಳು ಬೂದು ಪದರವನ್ನು ಹಾಗೇ ಬಿಡುವುದು ಒಳಿತು. ಕಾಲಾವಧಿಗೆ ಕಟ್ಟುಬಿದ್ದ ಗುತ್ತಿಗೆಯಲ್ಲಿ ಈ ತಾಳ್ಮೆಗೆ ಜಾಗ ಸಿಗುವುದು ಅಪರೂಪ.